ಹೊಲದ ಬೆನ್ನು ಹತ್ತಿ: ಧಾರವಾಡದ ಒಂದು ವಂಶಾವಳಿ ಶೋಧನೆ ಸೇವೆಯ ವಿಮರ್ಶೆ

ಧಾರವಾಡದಲ್ಲಿ ವಕೀಲರ ಕಚೇರಿಗಳು, ಟೈಪಿಂಗ್ ಅಂಗಡಿಗಳು, ಬಾಂಡ್ ಬರೆಯುವವರ ಮೇಜುಗಳು ಒತ್ತೊತ್ತಾಗಿರುವ ಓಣಿಯೊಂದರ ಮಹಡಿಯ ಮೇಲೆ, ರೈತ ಮನೆತನಗಳ ಪೂರ್ವಜರನ್ನು ಹಳೆಯ ದಾಖಲೆಗಳಿಂದ ಹುಡುಕಿಕೊಡುವ ಸಣ್ಣ ಸೇವೆಯೊಂದು ನಡೆಯುತ್ತಿದೆ. ಭೂಮಾಪನ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿ ಓದಬಲ್ಲ ಇನ್ನೊಬ್ಬರು, ಕಚೇರಿಯಿಂದ ಕಚೇರಿಗೆ ಅಲೆಯುವ ಕೆಲಸಕ್ಕೆ ಇಬ್ಬರು ಹುಡುಗರು, ಇಷ್ಟೇ ಅದರ ಸಿಬ್ಬಂದಿ. ಈ ಬರಹದಲ್ಲಿ ಮೆಚ್ಚುಗೆಯ ಜೊತೆಗೆ ತಕರಾರೂ ಇರುವುದರಿಂದ ಸೇವೆಯ ಹೆಸರನ್ನು ಹೇಳುವುದಿಲ್ಲ. ಕೆಲಸ ಮುಗಿದಾಗ ಅವರು ಎರಡು ವಸ್ತುಗಳನ್ನು ಕೈಗಿಡುತ್ತಾರೆ: ದಾಖಲೆಗಳ ನಕಲು ಮತ್ತು ಅವುಗಳ ಕನ್ನಡ ಪಾಠವಿರುವ ದಪ್ಪನೆಯ ಫೈಲು ಒಂದು, ಗೋಡೆಗೆ ತೂಗುಹಾಕಲು ಬರುವಂತೆ ಕಟ್ಟು ಹಾಕಿಸಿದ ವಂಶವೃಕ್ಷದ ಚಾರ್ಟು ಇನ್ನೊಂದು. ಫೈಲಿಗೆ ಕೊಟ್ಟ ಹಣ ಸಾರ್ಥಕವಾಯಿತು. ಚಾರ್ಟನ್ನು ಮಾತ್ರ ಫೈಲಿನ ಜೊತೆ ತಾಳೆ ನೋಡದೆ ಯಾರೂ ಗೋಡೆಗೆ ಏರಿಸಬಾರದು.

ನಮ್ಮದು ಮೂಲತಃ ರೋಣ ತಾಲ್ಲೂಕಿನ ಎರೆ ಸೀಮೆಯ ಒಕ್ಕಲುತನದ ಮನೆತನ. ಹುಬ್ಬಳ್ಳಿಗೆ ಬಂದು ನೆಲೆಸಿ ಎರಡು ತಲೆಮಾರು ಕಳೆದಿವೆ. ಊರಲ್ಲಿ ಉಳಿದ ಹೊಲವನ್ನು ದೊಡ್ಡಪ್ಪನ ಮಕ್ಕಳು ಮಾಡುತ್ತಿದ್ದಾರೆ. ಅಜ್ಜನ ಅಜ್ಜನ ಹೆಸರಿನವರೆಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಹಿಂದಿನದೆಲ್ಲ ‘ಹೊಳಿ ದಾಟಿ ಬಂದವರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು; ಯಾವ ಹೊಳೆ, ಯಾವ ಕಾಲದಲ್ಲಿ ಎಂದು ಕೇಳಿದರೆ ಉತ್ತರವಿರಲಿಲ್ಲ. ಸೇವೆಯವರು ನಮ್ಮಿಂದ ಕೇಳಿ ಪಡೆದದ್ದು ಈಗಿನ ಪಹಣಿ, ಅಜ್ಜನ ಕಾಲದ ವಾಟ್ನಿಪತ್ರ (ಪಾಲುಪತ್ರ), ಊರಿನ ದೇವರು, ಮನೆಯ ಬೆಡಗು (ಕುಲದ ಹೆಸರು) ಮತ್ತು ಹಿರಿಯರ ಬಾಯಲ್ಲಿ ಹೊಲಕ್ಕೆ ಇರುವ ಹೆಸರು. ಶುಲ್ಕ 18,000 ರೂಪಾಯಿ. ಅರ್ಧ ಮುಂಗಡ, ಅರ್ಧ ಫೈಲು ಕೊಡುವಾಗ. ಸರಕಾರಿ ಕಚೇರಿಗಳ ನಕಲು ಶುಲ್ಕ ಬೇರೆ, ಅದಕ್ಕೆ ರಶೀದಿ ಕೊಡುತ್ತಾರೆ.

‘ಮನುಷ್ಯಾನ ಬೆನ್ನು ಹತ್ತಬ್ಯಾಡ್ರಿ, ಹೊಲದ ಬೆನ್ನು ಹತ್ರಿ’ ಎಂಬುದು ಆ ಹಿರಿಯರು ಮೊದಲ ಭೇಟಿಯಲ್ಲಿಯೇ ಹೇಳಿದ ಮಾತು, ಮತ್ತು ಅವರ ಇಡೀ ಕೆಲಸ ಅದರ ಮೇಲೆಯೇ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ರೈತ ತನ್ನ ಬಗ್ಗೆ ತಾನೇ ಏನನ್ನೂ ಬರೆದಿಟ್ಟವನಲ್ಲ. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಸಭೆಗೆ ಸೇರಿದವರ ದೀಕ್ಷೆ, ಮದುವೆ, ಮರಣಗಳನ್ನು ಬರೆದಿಡುತ್ತಿದ್ದರು. ಉಳಿದ ಒಕ್ಕಲಿಗೆ ಅಂಥ ಪುಸ್ತಕವಿಲ್ಲ. ಆದರೆ ಹೊಲಕ್ಕೆ ಪ್ರತಿವರ್ಷ ಯಾರಾದರೊಬ್ಬರು ಕಂದಾಯ ಕಟ್ಟಲೇಬೇಕಿತ್ತು, ಮತ್ತು ಕಟ್ಟುವವನ ಹೆಸರು ಸರಕಾರಕ್ಕೆ ಬೇಕೇ ಬೇಕಿತ್ತು. 1817–18ರಲ್ಲಿ ಪೇಶ್ವೆಗಳ ಕೈಯಿಂದ ಈ ಸೀಮೆಯನ್ನು ಪಡೆದುಕೊಂಡ ಕಂಪನಿ ಸರಕಾರ, 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇಲ್ಲಿ ರೈತವಾರಿ ಸರ್ವೆ ಆರಂಭಿಸಿತು. ಹೊಲಹೊಲಕ್ಕೆ ನಂಬರು ಕೊಟ್ಟು, ನಂಬರಿಗೊಂದು ಆಕಾರ, ಅಂದರೆ ಕಂದಾಯದ ಮೊತ್ತ, ಗೊತ್ತುಮಾಡಿ, ಅದರ ಎದುರು ಖಾತೆದಾರನ ಹೆಸರು ಬರೆಯುವ ಪದ್ಧತಿ ಇಲ್ಲಿ ನೆಲೆಯೂರಿದ್ದು ಆಗಲೇ. ಆ ಆಕಾರದ ಅವಧಿ ಮೂವತ್ತು ವರ್ಷ. ಅದು ಮುಗಿಯುತ್ತ ಬಂದಂತೆ 1870ರ ದಶಕದ ಮಧ್ಯದಿಂದ ರಿವಿಜನ್ ಸರ್ವೆ ನಡೆಯಿತು. ನಮ್ಮ ಖರೀದಿಪತ್ರಗಳಲ್ಲಿ ಇಂದಿಗೂ ‘ರಿ.ಸ.ನಂ.’ ಎಂದು ಬರೆಯುತ್ತಿರುವುದು ಆ ಸರ್ವೆಯ ನಂಬರನ್ನೇ.

ಹಾಗಾಗಿ ಸೇವೆಯವರು ಗಣಕೀಕೃತ ಪಹಣಿಯಿಂದ ಹೊರಟು 2000ಕ್ಕಿಂತ ಹಿಂದಿನ ಕೈಬರಹದ ಪಹಣಿಗೆ, ಅಲ್ಲಿಂದ ಮುಂಬೈ ಸರಕಾರದ 1903ರ ಕಾಯಿದೆಯಿಂದ ಆರಂಭವಾದ ಹಕ್ಕುಗಳ ದಾಖಲೆಗೆ ಮತ್ತು ಖಾತೆ ಬದಲಾವಣೆಗಳನ್ನು ಬರೆದಿಟ್ಟ ಅದರ ಡೈರಿಗಳಿಗೆ, ಅಲ್ಲಿಂದ ರಿವಿಜನ್ ಸರ್ವೆಯ ಕಾಗದಗಳಿಗೆ, ಕೊನೆಗೆ ಮೊದಲ ಸರ್ವೆಯ ಶೇತವಾರ ಪತ್ರಕಕ್ಕೆ (ಹೊಲವಾರು ಪಟ್ಟಿಗೆ), ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯುತ್ತಾರೆ. ಇದರಲ್ಲಿ 1903ರ ಈಚಿನ ಭಾಗವನ್ನು, ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿ ಕಾಯುವ ತಾಳ್ಮೆ ಇದ್ದವರು ತಾವೇ ಮಾಡಿಕೊಳ್ಳಬಹುದು. ವಾರಸಾ ವರ್ದಿಗಳಲ್ಲಿ ತೀರಿಕೊಂಡವರ ಹೆಸರು, ವಾರಸುದಾರರ ಹೆಸರು, ಅವರ ಸಂಬಂಧ ಎಲ್ಲವೂ ಬಿಡಿಸಿ ಬರೆದಿರುತ್ತವೆ. ಕೆಲವು ಡೈರಿಗಳಲ್ಲಿ ಮರಣದ ತಾರೀಖು ಕೂಡ ಸಿಗುತ್ತದೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಈ ಭಾಗ ಇನ್ನೂ ಸುಲಭವಾಗಲಿದೆ. ಸೇವೆಗೆ ಹಣ ಕೊಡಬೇಕಾಗಿ ಬರುವುದು ಅದಕ್ಕಿಂತ ಹಿಂದಿನ ಅರವತ್ತು ವರ್ಷಗಳ ಸಲುವಾಗಿ.

ಏಕೆಂದರೆ ಅಲ್ಲಿಂದ ಹಿಂದಕ್ಕೆ ಲಿಪಿಯೂ ಬದಲಾಗುತ್ತದೆ, ಬರೆದವರೂ ಬದಲಾಗುತ್ತಾರೆ. ನಮ್ಮ ಫೈಲಿನಲ್ಲಿರುವ ಹಳೆಯ ಹಾಳೆಗಳು ಮರಾಠಿಯಲ್ಲಿವೆ, ಅದೂ ಮೋಡಿಯಲ್ಲಿ. ಮೋಡಿ ಬರೆಯುವವರು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ತಲೆಗೆರೆಯೊಂದನ್ನು ಎಳೆದು, ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ಅದಕ್ಕೆ ಜೋಲುಬಿಡುತ್ತಿದ್ದರು. ಪದ ಮುಗಿದಲ್ಲಿ ಜಾಗ ಬಿಡುವ ರೂಢಿ ಇರಲಿಲ್ಲ. ಹ್ರಸ್ವ ದೀರ್ಘಗಳ ಭೇದವನ್ನು ಇ, ಉ ಸ್ವರಗಳಲ್ಲಿ ಅದು ಪಾಲಿಸುವುದಿಲ್ಲ, ಕನ್ನಡದ ಹ್ರಸ್ವ ಎ, ಒ ಸ್ವರಗಳಿಗಂತೂ ಮರಾಠಿಯಲ್ಲಿ ಜಾಗವೇ ಇಲ್ಲ. ಇಂಥ ಬರಹದಲ್ಲಿ ಸಿಲುಕಿದ ಕನ್ನಡದ ಹೆಸರುಗಳನ್ನು ಬಿಡಿಸಲು ಮೋಡಿ ಗೊತ್ತಿದ್ದರೆ ಸಾಲದು, ಊರಿನ ಅಡ್ಡಹೆಸರುಗಳೂ ಗೊತ್ತಿರಬೇಕು. ಈ ಸೇವೆಯಲ್ಲಿ ಮೋಡಿ ಓದುವವರು ಎರಡನ್ನೂ ಬಲ್ಲವರು. ಫೈಲಿನ ಪ್ರತಿ ಮೋಡಿ ಹಾಳೆಯ ಎದುರುಪುಟದಲ್ಲಿ ಸಾಲಿಗೆ ಸಾಲು ಕನ್ನಡ ಲಿಪಿಯ ಪಾಠವಿದೆ, ಅದರ ಕೆಳಗೆ ಕನ್ನಡ ಅರ್ಥವಿದೆ, ಓದಲಾಗದ ಕಡೆ ಊಹಿಸಿ ತುಂಬದೆ ಖಾಲಿ ಬಿಟ್ಟು ಪೆನ್ಸಿಲ್ಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದಾರೆ. ಮೋಡಿ ಬಲ್ಲ ಪರಿಚಿತರೊಬ್ಬರಿಗೆ ಕೆಲವು ಹಾಳೆಗಳನ್ನು ಬೇರೆಯಾಗಿ ತೋರಿಸಿ ಓದಿಸಿದೆ. ಎರಡೂ ಓದು ಒಂದಕ್ಕೊಂದು ಹೊಂದಿದವು. ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಕೆಲಸಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಫೈಲಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಪೂರ್ವಜರ ಹೆಸರಿರುವ ಹಾಳೆ ಅಲ್ಲ, ಅವರ ಹೊಲದ ಮಣ್ಣಿನ ಹಾಳೆ. ಸರ್ವೆಯವರು ಹೊಲವನ್ನು ಅಳೆದು ಬಿಟ್ಟುಬಿಡುತ್ತಿರಲಿಲ್ಲ, ಮಣ್ಣಿನ ಗುಣವನ್ನೂ ತೂಗಿ ನೋಡುತ್ತಿದ್ದರು. ಅಳತೆಗೆ ಮೂವತ್ಮೂರು ಅಡಿಯ ಸರಪಳಿ, ಸರಪಳಿಗೆ ಹದಿನಾರು ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ, ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಇಂದಿಗೂ ಗುಂಟೆ ಎಂದರೆ 1,089 ಚದರಡಿ ಎಂದು ನಾವು ಲೆಕ್ಕ ಹಾಕುವುದು ಆ ಸರಪಳಿಯ ಅಳತೆಯಿಂದಲೇ. ಮಣ್ಣಿನ ಹಾಳೆಯಲ್ಲಿ ಹೊಲದ ನಕ್ಷೆಯನ್ನು ಚುಕ್ಕೆಗೆರೆಗಳಿಂದ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಮಣ್ಣಿನ ಆಳ ನೋಡಿ ಅದರ ದರ್ಜೆಯ ಅಂಕೆ ಬರೆದಿದ್ದಾರೆ. ಒಂಬತ್ತು ದರ್ಜೆಗಳು, ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಎರೆಗೆ ಹದಿನಾರಾಣೆ ಬೆಲೆ, ಅಲ್ಲಿಂದ ಕೆಳಗೆ ಇಳಿಯುತ್ತ ಹೋಗುತ್ತದೆ. ಸುಣ್ಣದ ಹರಳು ಬೆರೆತಿದ್ದರೆ, ಮರಳು ಬೆರೆತಿದ್ದರೆ, ಹೊಲ ಇಳಿಜಾರಾಗಿದ್ದರೆ, ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗುವಂತಿದ್ದರೆ, ಒಂದೊಂದು ದೋಷಕ್ಕೂ ಒಂದೊಂದು ಗುರುತು ಹಾಕಿ ಒಂದೊಂದು ದರ್ಜೆ ಇಳಿಸುತ್ತಿದ್ದರು. ನಮ್ಮ ಹೊಲದ ಬಡಗಣ ಅಂಚಿನ ಚೌಕಗಳಲ್ಲಿ ಸುಣ್ಣದ ಹರಳಿನ ಗುರುತು ಸಾಲಾಗಿ ಬಿದ್ದಿದೆ. ಆ ಅಂಚಿನಲ್ಲಿ ಕಡಲೆ ಸರಿಯಾಗಿ ಏಳುವುದಿಲ್ಲ ಎಂದು ದೊಡ್ಡಪ್ಪನ ಮಗ ಪ್ರತಿ ಹಿಂಗಾರಿಯಲ್ಲಿಯೂ ಗೊಣಗುತ್ತಾನೆ. ಹಾಳೆಯನ್ನು ಅವನ ಮುಂದಿಟ್ಟಾಗ ಗುರುತುಗಳ ಮೇಲೆ ಬೆರಳಿಟ್ಟು, ಬದುವಿನ ಎಷ್ಟನೆಯ ಕಲ್ಲಿನವರೆಗೆ ಹರಳು ಹರಡಿದೆ ಎಂಬುದನ್ನು ಸರಿಯಾಗಿ ಹೇಳಿದ. ಈ ಹಾಳೆಗಳು ಭೂದಾಖಲೆಗಳ ಕಚೇರಿಯ ಸೊತ್ತು. ಎಲ್ಲ ಊರಿನವು ಉಳಿದಿರುವುದಿಲ್ಲ, ಉಳಿದವನ್ನು ಕೇಳಿ ಪಡೆಯಲು ಯಾವ ಹೆಸರಿನಿಂದ ಕೇಳಬೇಕು ಎಂಬುದು ಒಳಗೆ ಕೆಲಸ ಮಾಡಿದವರಿಗಷ್ಟೇ ಗೊತ್ತು. ನಿವೃತ್ತ ಹಿರಿಯರ ಅನುಭವ ಫಲ ಕೊಡುವುದು ಇಂಥಲ್ಲಿ.

ಮೊದಲ ಸರ್ವೆಗಿಂತ ಹಿಂದಕ್ಕೆ ನಂಬರು ಇಲ್ಲ. ಅಲ್ಲಿ ಹೊಲಕ್ಕೆ ಹೆಸರಿರುತ್ತದೆ, ಅಳತೆ ಬಿತ್ತುವ ಕೂರಿಗೆಯ ಲೆಕ್ಕದಲ್ಲಿರುತ್ತದೆ, ಮತ್ತು ಒಂದೂರಿನ ಕೂರಿಗೆ ಇನ್ನೊಂದೂರಿನ ಕೂರಿಗೆಗೆ ಸಮ ಇರುವುದಿಲ್ಲ. ಹಿರಿಯರ ಬಾಯಲ್ಲಿರುವ ಹೊಲದ ಹೆಸರನ್ನು ಸೇವೆಯವರು ಆರಂಭದಲ್ಲಿಯೇ ಕೇಳಿಕೊಳ್ಳುವುದು ಈ ಕಾರಣಕ್ಕೆ.

ಇನ್ನು ತಕರಾರಿಗೆ ಬರುತ್ತೇನೆ. ಹಳೆಯ ಖಾತೆಗಳಲ್ಲಿ ರೈತನ ಗುರುತು ‘ಬಸಪ್ಪ ಬಿನ್ ನಿಂಗಪ್ಪ’ ಎಂಬಷ್ಟೇ ಇರುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದಾಗಿ ಒಂದೇ ಮನೆಯಲ್ಲಿ ಬಸಪ್ಪ ಬಿನ್ ನಿಂಗಪ್ಪ, ನಿಂಗಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ನಿಂಗಪ್ಪ ಎಂದು ಸರದಿಯ ಮೇಲೆ ಬರುತ್ತಾರೆ. ಪಕ್ಕದ ಮನೆಯಲ್ಲಿಯೂ ಅದೇ ಎರಡು ಹೆಸರುಗಳು ಇದ್ದರೆ ಆಶ್ಚರ್ಯವಿಲ್ಲ. ನಮ್ಮ ಮುಖ್ಯ ಹೊಲ 1870ರ ದಶಕದ ಆರಂಭದಲ್ಲಿ ನಿಂಗಪ್ಪ ಬಿನ್ ಬಸಪ್ಪನ ಖಾತೆಯಲ್ಲಿದೆ, ದಶಕದ ಕೊನೆಗೆ ಬಸಪ್ಪ ಬಿನ್ ನಿಂಗಪ್ಪನ ಖಾತೆಯಲ್ಲಿದೆ. ಮೇಲುನೋಟಕ್ಕೆ ಅಪ್ಪ ಮಗ ಎಂದು ಯಾರಾದರೂ ಹೇಳುತ್ತಾರೆ, ಸೇವೆಯವರ ಚಾರ್ಟಿನಲ್ಲಿಯೂ ಇಬ್ಬರ ನಡುವೆ ಗಟ್ಟಿಯಾದ ಕಪ್ಪು ಗೆರೆ ಇದೆ. ಆದರೆ ಅವರದೇ ಫೈಲಿನಲ್ಲಿ ಫಸಲಿ 1287ರ ಒಂದು ಹಾಳೆ ಇದೆ. ಫಸಲಿ ಎಂದರೆ ಕಂದಾಯದ ಲೆಕ್ಕದ ವರ್ಷ; ಈ ಸೀಮೆಯಲ್ಲಿ ಅದು ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ, ಜೂನ್ ಮೊದಲ ವಾರದಲ್ಲಿ ಹುಟ್ಟುತ್ತದೆ. 590 ಕೂಡಿಸಿದರೆ ಅದು ಆರಂಭವಾಗುವ ಇಂಗ್ಲಿಷ್ ವರ್ಷ ಬರುತ್ತದೆ. ಅಂದರೆ 1877ರ ಜೂನಿನಿಂದ 1878ರ ಜೂನಿನವರೆಗೆ. ಆ ಹಾಳೆಯ ಪ್ರಕಾರ ನಿಂಗಪ್ಪ ಹೊಲಕ್ಕೆ ರಾಜಿನಾಮಾ ಕೊಟ್ಟಿದ್ದಾನೆ, ಅದೇ ಹೊಲಕ್ಕೆ ಬಸಪ್ಪ ಕಬೂಲಾಯತ ಬರೆದುಕೊಟ್ಟಿದ್ದಾನೆ.

ಇದರ ಹಿನ್ನೆಲೆ ಗೊತ್ತಿಲ್ಲದಿದ್ದರೆ ಆ ಹಾಳೆ ಬರೀ ಕಾಗದ. ಮುಂಬೈ ಸರಕಾರದ ಸರ್ವೆ ಪದ್ಧತಿಯಲ್ಲಿ ರೈತನು ಆಕಾರ ಕಟ್ಟುವವರೆಗೆ ಹೊಲದ ಒಡೆಯ, ಕಟ್ಟಲಾಗದಿದ್ದರೆ ರಾಜಿನಾಮಾ ಬರೆದುಕೊಟ್ಟು ಬಿಟ್ಟುಬಿಡಬಹುದಿತ್ತು. ಮುಂದೆ ಹೊಲ ಮಾಡಲು ಒಪ್ಪಿದವನು ಕಬೂಲಾಯತ ಕೊಡುತ್ತಿದ್ದ. ಮಾರಾಟ, ಸಾಲಕ್ಕಾಗಿ ಬಿಟ್ಟುಕೊಡುವುದು, ಅಣ್ಣತಮ್ಮಂದಿರ ನಡುವಿನ ಹಂಚಿಕೆ, ಇವೆಲ್ಲವೂ ಎಷ್ಟೋ ಸಲ ಇದೇ ಜೋಡಿ ಕಾಗದಗಳ ಮೂಲಕ ನಡೆಯುತ್ತಿದ್ದವು. ತಂದೆ ತೀರಿಕೊಂಡು ಮಗ ವಾರಸಾ ಆಗಿದ್ದರೆ ರಾಜಿನಾಮಾದ ಮಾತು ಬರುತ್ತಿರಲಿಲ್ಲ. ಅಲ್ಲದೆ 1876–78 ಈ ಸೀಮೆಯ ಮಹಾ ಬರಗಾಲದ ಕಾಲ. ಮುಂಗಾರಿಯೂ ಹಿಂಗಾರಿಯೂ ಕೈಕೊಟ್ಟು, ಜನ ಊರು ಬಿಟ್ಟು, ದನ ಸತ್ತು, 1872ರ ಜನಗಣತಿಯಲ್ಲಿ ಇದ್ದುದಕ್ಕಿಂತ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಅಂಥ ವರ್ಷದಲ್ಲಿ ಒಂದು ಖಾತೆ ಕೈ ಬದಲಿಸಿದೆ ಎಂದರೆ, ಬದುಕಿದ್ದ ಅಪ್ಪ ಮಗನಿಗೆ ಬಿಟ್ಟುಕೊಟ್ಟಿರಬಹುದು, ದಾಯಾದಿಗೆ ಹೋಗಿರಬಹುದು, ಹೆಸರಿನಲ್ಲಿ ಮಾತ್ರ ಹೋಲುವ ಬೇರೊಬ್ಬ ಒಕ್ಕಲಿಗನಿಗೂ ಹೋಗಿರಬಹುದು. ಮೂರರಲ್ಲಿ ಯಾವುದನ್ನೂ ಆ ಹಾಳೆ ಅಲ್ಲಗಳೆಯುವುದಿಲ್ಲ. ಗಟ್ಟಿ ಗೆರೆ ಎಳೆಯುವ ಅಧಿಕಾರವನ್ನಂತೂ ಅದು ಕೊಡುವುದಿಲ್ಲ.

ಈ ಮಾತನ್ನು ಎತ್ತಿದಾಗ ಹಿರಿಯರು ಹಾಳೆಯನ್ನು ನೋಡಿ ನನ್ನ ಮಾತನ್ನು ತಕ್ಷಣ ಒಪ್ಪಿದರು. ಚಾರ್ಟು ಬರೆದವರು ಮಾತ್ರ, ಗಿರಾಕಿಗಳು ಚುಕ್ಕೆಗೆರೆ ಇಷ್ಟಪಡುವುದಿಲ್ಲ, ಕಟ್ಟು ಹಾಕಿಸಿದ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲ ಎಂದರು. ಓದಲು ಬಾರದ ಅಕ್ಷರದ ಜಾಗವನ್ನು ಖಾಲಿ ಬಿಡುವಷ್ಟು ನಿಷ್ಠುರರಾದ ಜನ, ಗೊತ್ತಿಲ್ಲದ ಸಂಬಂಧದ ಜಾಗದಲ್ಲಿ ಗೆರೆ ಎಳೆದುಬಿಡುವುದು ನನಗೆ ಅರ್ಥವಾಗಲಿಲ್ಲ. ಕೊನೆಗೆ ಹೆಚ್ಚಿನ ಹಣ ಕೇಳದೆ ಹೊಸ ಚಾರ್ಟು ಬರೆದುಕೊಟ್ಟರು ಎಂಬುದನ್ನೂ ಹೇಳಬೇಕು. ಆದರೆ ಇಂಥ ಹಾಳೆಗಳು ಬಹುಮಟ್ಟಿಗೆ ನಾಶವಾಗಿರುತ್ತವೆ, ನಮ್ಮದು ಉಳಿದದ್ದು ಅದೃಷ್ಟ. ಉಳಿಯದ ಮನೆತನಗಳ ಚಾರ್ಟುಗಳಲ್ಲಿ ಹೀಗೆ ಎಳೆದ ಗೆರೆಗಳು ಪ್ರಶ್ನೆಯೇ ಇಲ್ಲದೆ ಗೋಡೆ ಏರಿರುತ್ತವೆ.

ಚಾರ್ಟಿನ ಇನ್ನೊಂದು ಕೊರತೆ ಹೆಣ್ಣುಮಕ್ಕಳದು. ಖಾತೆದಾರ ತೀರಿಕೊಂಡಾಗ ಮಗ ಚಿಕ್ಕವನಿದ್ದರೆ ಹೊಲ ಎಷ್ಟೋ ಕಡೆ ವಿಧವೆಯ ಹೆಸರಿಗೆ ಬರುತ್ತಿತ್ತು, ಆಗ ‘ಯಲ್ಲವ್ವ ಕೋಂ ಬಸಪ್ಪ’ ಎಂದು ಬರೆಯುತ್ತಿದ್ದರು. ನಮ್ಮ ಮನೆತನದಲ್ಲಿ 1903ರ ನಂತರದ ಹಕ್ಕುಗಳ ದಾಖಲೆ ಆರಂಭವಾಗುವುದೇ ಯಲ್ಲವ್ವನ ಹೆಸರಿನಿಂದ. ಅವಳ ಹೆಸರಿನಲ್ಲಿ ಗಹಾಣಪತ್ರವೊಂದು (ಅಡವುಪತ್ರ) ಕೂಡ ಸಿಕ್ಕಿತು: ವಯಸ್ಸು, ಉದ್ಯೋಗ ಒಕ್ಕಲುತನ, ಇಂಥ ಊರು, ಹೊಲದ ಚಕ್ಕಬಂದಿ, ಕೆಳಗೆ ಸಹಿಯ ಬದಲು ಹೆಬ್ಬೆಟ್ಟು. ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಿಂದ ಇದನ್ನು ಹೆಕ್ಕಿ ತಂದದ್ದು ಸೇವೆಯ ಹುಡುಗರ ಜಾಣತನ. ಖಾತೆಯಲ್ಲಿ ಬರೀ ಹೆಸರಾಗಿ ಉಳಿದ ಮನುಷ್ಯರಿಗೆ ವಯಸ್ಸು, ಸಾಲ, ನೆರೆಹೊರೆ ಸಿಗುವುದು ಗಹಾಣ ಮತ್ತು ಖರೀದಿಪತ್ರಗಳಲ್ಲಿ ಮಾತ್ರ. ಇಷ್ಟನ್ನೂ ತಂದುಕೊಟ್ಟವರು ಚಾರ್ಟಿನಲ್ಲಿ ಅವಳನ್ನು ಕೈಬಿಟ್ಟು ಬಸಪ್ಪನಿಂದ ನೇರವಾಗಿ ಮಗನಿಗೆ ಇಳಿದಿದ್ದರು. ಮಗ ದೊಡ್ಡವನಾಗುವವರೆಗೆ ಸಾಲ ಮಾಡಿ ಹೊಲ ಉಳಿಸಿಕೊಂಡವಳನ್ನು ಬಿಟ್ಟ ಮೇಲೆ ಅದು ಎಂಥ ವಂಶಾವಳಿ? ಕೇಳಿದ ಮೇಲೆ ಸೇರಿಸಿದರು, ಕೇಳದಿದ್ದರೆ ಸೇರಿಸುತ್ತಿರಲಿಲ್ಲ.

ಮೂರನೆಯದು ಹೆಳವರ ವಿಷಯ. ಸುಗ್ಗಿಯ ನಂತರ ಎತ್ತಿನೊಡನೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು ಬೆಡಗು, ಮೂಲ ಊರು, ತಲೆತಲಾಂತರದ ಹೆಸರುಗಳನ್ನು ಹೇಳಿ ಕಾಳುಕಡಿ ಪಡೆದುಹೋಗುವ ಹೆಳವರು ನಮ್ಮ ಭಾಗದ ನಿಜವಾದ ವಂಶಾವಳಿಕಾರರು. ಅವರಲ್ಲಿ ಅನೇಕರ ಬಳಿ ಬರೆದಿಟ್ಟ ಹೊತ್ತಿಗೆಗಳೂ ಇವೆ. ಸೇವೆಯ ಹಿರಿಯರು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ: ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಜೀವನವಿಡೀ ಜಮೀನಿನ ವ್ಯಾಜ್ಯಗಳ ಕಾಗದ ನೋಡಿದವರು ಹಾಗೆ ಯೋಚಿಸುವುದು ಸಹಜ, ಆದರೆ ನಾವು ಕೇಳಿದ್ದು ವ್ಯಾಜ್ಯದ ಕಾಗದವನ್ನಲ್ಲ. ಊರಿನಲ್ಲಿ ನಮ್ಮ ಮನೆಗೆ ನಡೆದುಕೊಳ್ಳುವ ಹೆಳವರನ್ನು ದೊಡ್ಡಪ್ಪನ ಮಕ್ಕಳ ಮೂಲಕ ಕರೆಸಿ ಕೇಳಿದಾಗ, ಅವರು ಹೇಳಿದ ಸರಣಿಯಲ್ಲಿ ನಿಂಗಪ್ಪನಿಗೂ ಬಸಪ್ಪನಿಗೂ ನಡುವೆ ಇನ್ನೊಬ್ಬನ ಹೆಸರು ಬಂತು. ಯಾವ ಖಾತೆಯಲ್ಲಿಯೂ ಇಲ್ಲದ ಹೆಸರು ಅದು. ಬರದಲ್ಲಿ ತೀರಿಕೊಂಡ ನಡುವಿನ ತಲೆಮಾರೇ, ನಿಂಗಪ್ಪನ ತಮ್ಮನೇ, ಹೇಳಲು ಬರುವುದಿಲ್ಲ. ಸರಕಾರಿ ದಾಖಲೆಯಲ್ಲಿ ವರ್ಷವಿದೆ, ಸಂಬಂಧ ಸ್ಪಷ್ಟವಿಲ್ಲ. ಹೆಳವರ ಬಾಯಲ್ಲಿ ಸಂಬಂಧವಿದೆ, ವರ್ಷವಿಲ್ಲ. ಒಂದನ್ನೊಂದು ಎದುರಿಗಿಟ್ಟು ನೋಡದೆ ರೈತ ಮನೆತನದ ಚರಿತ್ರೆ ಬರೆಯುತ್ತೇವೆ ಎನ್ನುವುದು ಅರ್ಧ ಕೆಲಸ. ಇಷ್ಟು ಹಣ ಪಡೆಯುವ ಸೇವೆ ಇದನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಇಲ್ಲಿಗೆ ಹೋಗಬಯಸುವವರು ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಹತ್ತೊಂಬತ್ತನೆಯ ಶತಮಾನದ ದಾಖಲೆಗಳೆಲ್ಲ ಧಾರವಾಡ ಜಿಲ್ಲೆಯ ಹೆಸರಿನಲ್ಲಿವೆ, ತಾಲ್ಲೂಕುಗಳ ಹೆಸರುಗಳೂ ಬೇರೆ. ಹಾವೇರಿಯ ಸುತ್ತಲಿನವರು ಕರಜಗಿ ತಾಲ್ಲೂಕು ಎಂದು, ಹಿರೇಕೆರೂರಿನ ಕಡೆಯವರು ಕೋಡ ಎಂದು, ಶಿಗ್ಗಾಂವಿಯ ಕಡೆಯವರು ಬಂಕಾಪುರ ಎಂದು ಹುಡುಕಬೇಕು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜಿನಲ್ಲಿ, ಕುಂದಗೋಳ ಜಮಖಂಡಿಯಲ್ಲಿ, ಸವಣೂರು ನವಾಬರ ಕೈಯಲ್ಲಿ. ಅಲ್ಲಿನ ಮನೆತನಗಳಿಗೆ ಮೇಲೆ ಹೇಳಿದ ಮೆಟ್ಟಿಲುಗಳು ಹಾಗೆಯೇ ಸಿಗುವುದಿಲ್ಲ. ಸೇವೆಯವರು ಇದನ್ನು ಮರೆಮಾಚದೆ ಹೇಳುತ್ತಾರೆ. ಲಕ್ಷ್ಮೇಶ್ವರ ಕಡೆಯವರೊಬ್ಬರು ನನ್ನ ಎದುರಿಗೇ ಮುಂಗಡ ಕೊಡಲು ಬಂದಾಗ, ಮೊದಲು ದಾಖಲೆ ಎಲ್ಲಿದೆ ಎಂದು ವಿಚಾರಿಸಿ ತಿಳಿಸುತ್ತೇವೆ ಎಂದು ಹಣ ತೆಗೆದುಕೊಳ್ಳದೆ ಕಳಿಸಿದರು.

ಗೌಡಕಿ, ಕುಲಕರ್ಣಿಕೆ, ತಳವಾರಿಕೆ, ಶೇತಸನದಿ ಮುಂತಾದ ವತನ, ಅಂದರೆ ಊರ ಕೆಲಸದ ವಂಶಪಾರಂಪರ್ಯ ಹಕ್ಕು, ಇದ್ದ ಮನೆತನಗಳಿಗೆ ಕೆಲಸ ಬೇಗ ಆಗುತ್ತದೆ. 1852ರ ಕಾಯಿದೆಯ ಪ್ರಕಾರ ಇನಾಮ್ ಕಮಿಷನ್ ತನಿಖೆ ನಡೆಸಿದಾಗ ಇನಾಮುದಾರರು ತಮ್ಮ ಹಕ್ಕು ಯಾರಿಂದ ಯಾರಿಗೆ ಬಂತೆಂದು ತೋರಿಸಬೇಕಾಗಿ ಬಂತು, 1874ರ ವತನ ಕಾಯಿದೆಯ ನಂತರ ವತನದಾರರ ಹೆಸರುಗಳನ್ನು ಕ್ರಮವಾಗಿ ಬರೆದಿಡಲಾಯಿತು. ಹೀಗಾಗಿ ಅಂಥವರ ವಂಶಾವಳಿಯನ್ನು ಸರಕಾರವೇ ಬರೆಸಿಟ್ಟಿದೆ. ನಮ್ಮಂಥ ಬರೀ ಒಕ್ಕಲಿಗೆ ಆ ಭಾಗ್ಯವಿಲ್ಲ. ಇಬ್ಬರಿಗೂ ಒಂದೇ ಶುಲ್ಕ ಹಾಕುವುದು ಸರಿಯೇ ಎಂದು ನಾನು ಕೇಳಿದೆ, ಅವರು ನಕ್ಕು ಸುಮ್ಮನಾದರು.

ಇನ್ನೊಂದು ಮಾತು, ನಾಡಕಚೇರಿಯಲ್ಲಿ ಸಿಗುವ ವಂಶಾವಳಿ ಪ್ರಮಾಣಪತ್ರಕ್ಕಾಗಿ ಇಲ್ಲಿಗೆ ಹೋಗಬೇಕಾಗಿಲ್ಲ. ಅದು ಕುಟುಂಬದವರ, ವಾರಸುದಾರರ ಪಟ್ಟಿ, ಖಾತೆ ಬದಲಾವಣೆಗೆ ಬೇಕಾಗುವ ಕಾಗದ; ಗ್ರಾಮ ಆಡಳಿತ ಅಧಿಕಾರಿಯ ವರದಿಯ ಮೇಲೆ ಅಲ್ಪ ಶುಲ್ಕಕ್ಕೆ ಸಿಗುತ್ತದೆ. ಆ ಸರ್ಟಿಫಿಕೇಟಿಗೆಂದು ಮಹಡಿ ಹತ್ತಿ ಬಂದವರನ್ನು ಈ ಸೇವೆಯವರು ಹಣ ಪಡೆಯದೆ ದಾರಿ ಹೇಳಿ ಕಳಿಸುವುದನ್ನು ನೋಡಿದ್ದೇನೆ.

ವೇಳೆಯ ವಿಷಯದಲ್ಲಿ ಅವರ ಮಾತನ್ನು ನಂಬಬಾರದು. ಒಪ್ಪಿದ ಅವಧಿಗಿಂತ ಬಹಳ ತಡವಾಯಿತು, ಫೋನ್ ಮಾಡಿದರೆ ‘ನಾಳೆ ನಾಡಿದ್ದರಾಗ’ ಎಂಬ ಉತ್ತರ. ತಡಕ್ಕೆ ಕಚೇರಿಗಳೂ ಕಾರಣವಿರಬಹುದು, ಆದರೆ ಎಲ್ಲಿಗೆ ಬಂತು ಎಂದು ತಾವಾಗಿ ತಿಳಿಸುವ ರೂಢಿಯನ್ನು ಅವರು ಬೆಳೆಸಿಕೊಳ್ಳಬೇಕು. ಫೈಲಿನ ಸ್ಕ್ಯಾನ್ ಪ್ರತಿಯನ್ನು ಕೇಳಿದರಷ್ಟೇ ಪೆನ್ ಡ್ರೈವಿಗೆ ಹಾಕಿಕೊಡುತ್ತಾರೆ. ಮುಂಗಡ ಕೊಡುವ ಮೊದಲು ಮೂರು ಕರಾರುಗಳನ್ನು ಬರೆಸಿಕೊಳ್ಳುವುದು ಒಳ್ಳೆಯದು: ಚಾರ್ಟಿನ ಪ್ರತಿ ಗೆರೆಯ ಪಕ್ಕದಲ್ಲಿ ಅದಕ್ಕೆ ಆಧಾರವಾದ ಫೈಲಿನ ಪುಟಸಂಖ್ಯೆ ಇರಬೇಕು, ಆಧಾರ ಸಾಲದ ಕಡೆ ಚುಕ್ಕೆಗೆರೆ ಇರಬೇಕು, ದಾಖಲೆಯಲ್ಲಿ ಬಂದ ಹೆಣ್ಣುಮಕ್ಕಳ ಹೆಸರುಗಳೆಲ್ಲ ಚಾರ್ಟಿಗೆ ಬರಬೇಕು. ಚಾರ್ಟೇ ಬೇಡ ಎಂದರೆ ಶುಲ್ಕದಲ್ಲಿ 3,000 ರೂಪಾಯಿ ಕಡಿಮೆ ಮಾಡುತ್ತಾರೆ ಎಂಬುದನ್ನು ಅವರು ಕೇಳದೆ ಹೇಳುವುದಿಲ್ಲ.

ಮೊದಲ ಸರ್ವೆಗಿಂತ ಹಿಂದಕ್ಕೆ, ಪೇಶ್ವೆಗಳ ಕಾಲಕ್ಕೆ ಹೋಗಬೇಕಾದರೆ ಪುಣೆಯ ಪತ್ರಾಗಾರದಲ್ಲಿರುವ ಪೇಶ್ವೆ ದಫ್ತರದ ರುಮಾಲುಗಳನ್ನು (ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳನ್ನು) ಬಿಚ್ಚಬೇಕು. ಅದಕ್ಕೆ ಸೇವೆಯವರು ಪ್ರತ್ಯೇಕ ಶುಲ್ಕ ಹೇಳಿದ್ದಾರೆ, ಏನೂ ಸಿಗದಿದ್ದರೆ ಹಣ ಮರಳಿಸುವುದಿಲ್ಲ ಎಂದೂ ಹೇಳಿದ್ದಾರೆ. ವತನವಿಲ್ಲದ ಒಕ್ಕಲಿನ ಹೆಸರು ಅಲ್ಲಿ ಸಿಗುವ ಸಂಭವ ಕಡಿಮೆ ಎಂದು ಮೋಡಿ ಓದುವವರೇ ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿದರು. ಸದ್ಯಕ್ಕೆ ಆ ಹಣವನ್ನು ತಡೆಹಿಡಿದಿದ್ದೇನೆ. ಬರುವ ಸುಗ್ಗಿಗೆ ಹೆಳವರು ತಮ್ಮ ಹೊತ್ತಿಗೆಯನ್ನೇ ತರುತ್ತೇವೆ ಎಂದಿದ್ದಾರೆ. ಅದರಲ್ಲಿ ಆ ನಡುವಿನ ಹೆಸರಿನ ಮುಂದೆ ಏನು ಬರೆದಿದೆ ಎಂದು ನೋಡಿದ ಮೇಲೆ ಪುಣೆಯ ವಿಚಾರ.